ಐದನೇ ಕೋಣೆಯ ಹಗ್ಗ

ಜನವರಿ ೨೧

ಪ್ರೀತಿಯ ಮಾವನಿಗೆ,

ಗುಬ್ಬಿ ಮಾಡುವ ನಮಸ್ಕಾರ. ನಿನ್ನ ಕಿವಿಗೆ ಫೋನು ಕೇಳಿಸುವುದಿಲ್ಲ, ನಿಮ್ಮ ಕಣಿವೆಗೆ ಮೊಬೈಲ್ ಸಿಗ್ನಲ್ ಇಳಿಯುವುದಿಲ್ಲ. ಹಾಗಾಗಿ ಈ ಕಾಲದಲ್ಲೂ ಅಂಚೆ ಚೀಟಿ ಅಂಟಿಸುವ ಭಾಗ್ಯ ನನ್ನದು. ಆಫೀಸಿನಲ್ಲಿ "ಯಾರಿಗೆ ಪ್ರೇಮಪತ್ರ?" ಎಂದು ಕೇಳುತ್ತಾರೆ. "ಐವತ್ತೆಂಟು ವರ್ಷದ ನಮ್ಮ ಸೋದರಮಾವನಿಗೆ" ಎಂದರೆ ಯಾರೂ ನಂಬುವುದಿಲ್ಲ.

ಈ ಸಲ ಕೆಲಸದ ಮಾತೂ ಇದೆ. ನಿಮ್ಮ ಶೀತಲ ಗೋದಾಮಿನ ಕಂಪ್ಯೂಟರಿನಲ್ಲಿ ಓಡುವ ಲಿನಕ್ಸ್ ಎಂಬ ತಂತ್ರಾಂಶ ನಾವು ಇಲ್ಲಿ ಜೋಡಿಸಿ ಡಿಸ್ಕಿನಲ್ಲಿ ಕಳಿಸುವುದೇ ಎಂದು ನಿನಗೆ ಗೊತ್ತು. ಅದರಲ್ಲಿ ನನ್ನ ಪಾಲಿಗೆ ಬಂದಿರುವುದು ಒಂದು ಸಣ್ಣ ಉಪಕರಣ. ಕಂಪ್ಯೂಟರಿನ ಒಳಗೆ ಕರ್ನಲ್ ಎನ್ನುವುದು ಮನೆಯ ಯಜಮಾನ ಇದ್ದ ಹಾಗೆ. ಆದರೆ ಅದಕ್ಕೆ ಎಲ್ಲ ಕೆಲಸವೂ ಬರುವುದಿಲ್ಲ. ಕಂಪ್ಯೂಟರಿಗೆ ಸಿಕ್ಕಿಸಿದ ಒಂದೊಂದು ಕಾರ್ಡಿಗೂ ಮಾಡ್ಯೂಲು ಎಂಬ ಒಬ್ಬೊಬ್ಬ ಕೆಲಸಗಾರ ಬೇಕು. ಆ ಕೆಲಸಗಾರ ಇನ್ಯಾರನ್ನು ನೆಚ್ಚಿಕೊಂಡಿದ್ದಾನೋ ಅವರನ್ನು ಮೊದಲು ಕರೆದು, ಆಮೇಲೆ ಅವನನ್ನು ಒಳಗೆ ಬಿಡುವುದು ನನ್ನ ಉಪಕರಣದ ಕೆಲಸ.

ಹಳೆಯ ಉಪಕರಣಕ್ಕೆ ವಯಸ್ಸಾಯಿತು, ಅದನ್ನು ತೆಗೆದು ಹೊಸದನ್ನು ಹಾಕುತ್ತಿದ್ದೇವೆ. ಹಳೆಯದೇ ಬೇಕು ಎಂದು ಬರೆದುಕೊಂಡಿರುವ ಪ್ಯಾಕೇಜುಗಳು, ಅಂದರೆ ತಂತ್ರಾಂಶದ ಕಟ್ಟುಗಳು, ನಲವತ್ತೊಂದು. ಅವನ್ನು ನೋಡಿಕೊಳ್ಳುವ ಒಬ್ಬೊಬ್ಬರಿಗೂ ಈಮೇಲ್ ಬರೆದು ಕೇಳಿದೆ. ನಲವತ್ತು ಜನ ಒಪ್ಪಿದರು. ನಲವತ್ತೊಂದನೆಯದು ನಿಮ್ಮ ಗೋದಾಮಿನ ಅಪಾಯದ ಗಂಟೆಯದು. ನಿಮ್ಮ ಗಂಟೆ ಮೇಸ್ತ್ರಿ ಬರೆದು ನಮ್ಮ ಸಂಗ್ರಹಕ್ಕೆ ಸೇರಿಸಿದ್ದರಲ್ಲ, ಅದೇ. ಅವರಿಂದ ಒಂದೇ ಸಾಲಿನ ಉತ್ತರ ಬಂದಿದೆ. "ತೆಗೆಯಬೇಡಿ. ಬಳಕೆಯಲ್ಲಿದೆ." ಯಾಕೆ, ಏನು ಎಂದು ಮತ್ತೆ ಕೇಳಿದರೆ ಉಸಿರೇ ಇಲ್ಲ.

ಶೀತಲ ಕೋಣೆಯ ಬಾಗಿಲು ಮುಚ್ಚಿಕೊಂಡರೆ ಒಳಗಿರುವವನಿಗೆ ಹೆಚ್ಚೆಂದರೆ ಒಂದು ತಾಸು ಎಂದು ನೀನು ಹಿಂದೊಮ್ಮೆ ಹೇಳಿದ್ದೆ. ಅವನು ಎಳೆಯುವ ಹಗ್ಗಕ್ಕೂ ನಿನ್ನ ಮುಂದಿನ ದೀಪಕ್ಕೂ ನಡುವೆ ಇರುವುದು ಈ ಪ್ಯಾಕೇಜು. ಅದಕ್ಕೇ ನನಗೆ ಭಯ. ಮೇಸ್ತ್ರಿಗೆ ಸ್ವಲ್ಪ ವಿವರವಾಗಿ ಬರೆಯಲು ಹೇಳು.

ನಿನ್ನ
ಗುಬ್ಬಿ

---

ಜನವರಿ ೩೦

ಗುಬ್ಬೀ,

ಪತ್ರ ಬಂತು. ಯಜಮಾನ, ಕೆಲಸಗಾರ ಎಂದು ನೀನು ಬರೆದದ್ದನ್ನು ಎರಡು ಸಲ ಓದಿದೆ. ಒಬ್ಬ ಬರದಿದ್ದರೆ ಇನ್ನೊಬ್ಬನ ಕೆಲಸ ನಿಲ್ಲುತ್ತದೆ, ಇಷ್ಟೇ ತಾನೆ? ಹಾಗಾದರೆ ಅದು ನಮ್ಮ ಗೋದಾಮಿನ ಹಾಗೇ ಇದೆ.

ಇಲ್ಲಿ ಎಲ್ಲ ಇದ್ದ ಹಾಗೇ ಇದೆ. ಆರು ಕೋಣೆ, ಸೊನ್ನೆಗಿಂತ ಇಪ್ಪತ್ತು ಕೆಳಗೆ. ನಾನು ಬೋರ್ಡಿನ ಮುಂದೆ ಕೂತು ಆರು ದೀಪ ಕಾಯುತ್ತೇನೆ. ಕಿವುಡನನ್ನು ಗಂಟೆ ಕಾಯಲು ಕೂರಿಸಿದವರು ಭೂಮಿಯ ಮೇಲೆ ನಮ್ಮವರೊಬ್ಬರೇ ಇರಬೇಕು. ಪೆಟ್ಟಿಗೆ ಎತ್ತಿಡುವ ಉದ್ದಣ್ಣ ನಿನಗೆ ನೆನಪಿದ್ದಾನಲ್ಲ. ಅವನ ತುಟಿ ಓದಬೇಕಾದರೆ ನಾನು ಗೋಪುರ ನೋಡುವವನ ಹಾಗೆ ಕತ್ತೆತ್ತಬೇಕು. ನಿನ್ನೆ ಬಗ್ಗಿ ಹೇಳಿದ, "ಯಜಮಾನ್ರೇ, ದೀಪ ನೀವು ನೋಡಿ, ಗಂಟೆ ನಾನ್ ಕೇಳಿಸ್ಕೋತೀನಿ. ಇಬ್ರೂ ಸೇರಿದ್ರೆ ಒಬ್ಬ ಕಾವಲುಗಾರ ಆಗ್ತೀವಿ."

ಮೇಸ್ತ್ರಿಯನ್ನು ಕೇಳಲು ಈಗ ಆಗುವುದಿಲ್ಲ. ನಿನಗೆ ಸರಿ ಕಂಡಂತೆ ಮಾಡು.

ಒಂದು ಕೇಳುತ್ತೇನೆ. ಆ ಒಂದು ಸಾಲಿನ ಉತ್ತರ ಯಾವ ತಾರೀಕಿನದು? ಮರೆಯದೆ ಬರಿ.

ಇಂತಿ,
ನಿನ್ನ ಮಾವ

---

ಫೆಬ್ರವರಿ ೮

ಪ್ರೀತಿಯ ಮಾವನಿಗೆ,

ಮೇಸ್ತ್ರಿಯ ಜೊತೆ ಜಗಳ ಆಡಿಕೊಂಡಿದ್ದೀಯ ಅಲ್ಲವೇ? ನನ್ನ ಹತ್ತಿರ ಮುಚ್ಚಿಡಬೇಡ. ಅಮ್ಮ ಹೇಳುತ್ತಿದ್ದಳು, "ನನ್ ತಮ್ಮ ಒಂದ್ಸಲ ಮುಖ ತಿರುಗಿಸಿದ್ರೆ ಮುಗೀತು. ಕತ್ತು ಹಿಡಿದು ತಿರುಗಿಸಿದ್ರೂ ಈ ಕಡೆ ನೋಡಲ್ಲ." ಪಾಪ, ಅವರು ಏನು ಮಾಡಿದರೋ.

ಉತ್ತರದ ತಾರೀಕು ಜನವರಿ ಹದಿನೆಂಟು, ಮಧ್ಯಾಹ್ನ ಊಟದ ಹೊತ್ತು. ಯಾಕೆ ಕೇಳಿದೆ?

ಈ ಪತ್ರದ ಜೊತೆ ಹೊಸ ಡಿಸ್ಕು ಇಟ್ಟಿದ್ದೇನೆ. ಇನ್ನು ಕಾಯಲು ಆಗಲಿಲ್ಲ. ನಮ್ಮ ಆಫೀಸಿನ ಹಿರಿಯರು ನನ್ನ ಮೇಜಿನ ಮುಂದೆ ಬಂದು ನಿಂತು, "ಏನಮ್ಮಾ, ಒಬ್ಬರಿಗೋಸ್ಕರ ಎಲ್ಲರನ್ನೂ ನಿಲ್ಲಿಸಿದ್ದೀಯಲ್ಲ?" ಎಂದರು. ನಾಲ್ಕು ಜನರ ಎದುರು ನನಗೆ ಬಾಯಿ ಬರುವುದಿಲ್ಲ, ನಿನಗೆ ಗೊತ್ತಲ್ಲ. "ಇವತ್ತೇ ಮುಗಿಸ್ತೀನಿ ಸರ್" ಎಂದುಬಿಟ್ಟೆ.

ಯಾವುದೇ ಪ್ಯಾಕೇಜು ಕೇಳುವ ಒಂದು ಹೆಸರು ಸಿಗದಿದ್ದರೂ ಡಿಸ್ಕು ಮುಂದೆ ಹೋಗುವುದಿಲ್ಲ. ಅದಕ್ಕೆ ಹಳೆಯ ಉಪಕರಣದ ಹೆಸರನ್ನು ಹಾಗೇ ಉಳಿಸಿ ಒಂದು ಹೊಂದಾಣಿಕೆ ಮಾಡಿದ್ದೇನೆ. ನಿಮ್ಮ ಗಂಟೆಯ ಪ್ಯಾಕೇಜು ಇನ್ನು ತಕರಾರು ಮಾಡುವುದಿಲ್ಲ.

ಆದರೆ ನಿಮ್ಮ ಗಂಟೆಯ ಕಾರ್ಡು ನಮ್ಮಲ್ಲಿ ಇಲ್ಲ, ನಾನು ಪರೀಕ್ಷೆ ಮಾಡಿಲ್ಲ. ಡಿಸ್ಕು ಹಾಕಿದ ಮೇಲೆ ಆರೂ ಕೋಣೆಯ ಹಗ್ಗ ಎಳೆದು ನೋಡು. ಮರೆಯಬೇಡ.

ನಿನ್ನ
ಗುಬ್ಬಿ

---

ಫೆಬ್ರವರಿ ೨೪

ಗುಬ್ಬೀ,

ಡಿಸ್ಕು ಹಾಕಿದೆ. ಒಂದು ಮಾತೂ ಆಡದೆ ಇಳಿಯಿತು. ಆರೂ ಹಗ್ಗ ಪರೀಕ್ಷೆ ಆಯಿತು, ಎಲ್ಲ ಸರಿ. ಸೋಮವಾರದ ಪರೀಕ್ಷೆಯ ಪುಸ್ತಕದಲ್ಲಿ ಸಹಿ ಹಾಕಿದ್ದೇನೆ.

ಇನ್ನೊಂದು ಸಂಗತಿ. ಒಳ್ಳೆಯದೋ ಕೆಟ್ಟದ್ದೋ ನೀನೇ ಹೇಳು.

ಕಂಪ್ರೆಸರುಗಳ ನಡುವೆ ಬದುಕಿ ನನ್ನ ಕಿವಿ ಹೋಗಿ ಒಂಬತ್ತು ವರ್ಷವಾಯಿತು. ಈಗ ಲಾರಿ ಬೆನ್ನ ಹಿಂದೆ ಬಂದು ನಿಂತರೂ ನೆಲದ ನಡುಕದಿಂದ ತಿಳಿಯಬೇಕು. ಮೊನ್ನೆ ಮಂಗಳವಾರ ಮಧ್ಯಾಹ್ನ ಬೋರ್ಡಿನ ಮುಂದೆ ಊಟದ ಡಬ್ಬಿ ಬಿಚ್ಚುತ್ತಿದ್ದೆ. ಗಂಟೆ ಕೇಳಿಸಿತು.

ತಲೆಯೊಳಗಿನ ಗುಂಯ್ ಅಲ್ಲ, ಅದು ನನಗೆ ಹಳೆಯ ಪರಿಚಯ. ಇದು ಗೋಡೆಯ ಮೇಲಿನ ನಮ್ಮ ಗಂಟೆಯೇ. ಮೂರು ಸಲ, ಸ್ವಲ್ಪ ಬಿಟ್ಟು ಮತ್ತೆ ಮೂರು ಸಲ. ಬೋರ್ಡು ನೋಡಿದೆ. ಒಂದು ದೀಪವೂ ಹತ್ತಿರಲಿಲ್ಲ. ಆದರೂ ಐದನೇ ಕೋಣೆ ಎಂದು ಹೇಗೋ ತಿಳಿಯಿತು. ಎದುರಿಗೆ ಉದ್ದಣ್ಣ ಊಟ ಮಾಡುತ್ತಿದ್ದ. "ಗಂಟೆ ಕೇಳಿಸ್ತಾ?" ಎಂದೆ. ಅವನು ಬಾಯಲ್ಲಿದ್ದದ್ದನ್ನು ನುಂಗದೆ ನನ್ನನ್ನೇ ನೋಡಿದ. "ಕೇಳಿಸ್ತಾ ಅಂತ ನೀವು ನನ್ನ ಕೇಳ್ತಿದೀರಾ?" ಎಂದ. ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ.

ಬುಧವಾರವೂ ಕೇಳಿಸಿತು. ಗುರುವಾರವೂ.

ಇಂತಿ,
ನಿನ್ನ ಮಾವ

---

ಮಾರ್ಚ್ ೩

ನನ್ನ ಪ್ರೀತಿಯ ಮಾವ,

ನಿನ್ನ ಪತ್ರ ಓದಿ ಕುರ್ಚಿಯಿಂದ ಎದ್ದೇಬಿಟ್ಟೆ. ಪಕ್ಕದವಳು ಗಾಬರಿಯಾಗಿ "ಏನಾಯ್ತೇ?" ಎಂದಳು. "ನಮ್ಮ ಮಾವನಿಗೆ ಕಿವಿ ಕೇಳಿಸ್ತಂತೆ!" ಎಂದೆ. ಎಲ್ಲರಿಗೂ ಕೇಳುವ ಹಾಗೆ ನಾನು ಈ ಆಫೀಸಿನಲ್ಲಿ ಆಡಿದ ಮೊದಲನೇ ಮಾತು ಅದು.

ಒಂದೊಂದು ಸಲ ಕಿವಿ ತಾನಾಗಿ ಸರಿಹೋಗುತ್ತದಂತೆ. ನಾಳೆಯೇ ಡಾಕ್ಟರ ಹತ್ತಿರ ಹೋಗು. ಸಂಬಳದ ರಜೆ, ಬಸ್ಸು ಎಂದೆಲ್ಲ ನೆಪ ಹೇಳಬೇಡ. ಮೊದಲು ಗಂಟೆ, ಆಮೇಲೆ ಹಕ್ಕಿ, ಆಮೇಲೆ ನಿನ್ನ ಗೊರಕೆಯೂ ನಿನಗೆ ಕೇಳಿಸುವಂತಾಗಲಿ. ಆಗ ಗೊತ್ತಾಗುತ್ತದೆ ನಾವು ಪಟ್ಟ ಪಾಡು.

ಗಂಟೆ ಬಾರಿಸಿದರೂ ದೀಪ ಹತ್ತಲಿಲ್ಲ ಎಂದದ್ದು ಮಾತ್ರ ನನ್ನನ್ನು ಕೊರೆಯುತ್ತಿದೆ. ಎರಡೂ ಒಟ್ಟಿಗೆ ಆಗಬೇಕು. ಉದ್ದಣ್ಣನಿಗೆ ಯಾಕೆ ಕೇಳಿಸಲಿಲ್ಲ? ತಿನ್ನುವಾಗ ಅವನ ಕಿವಿಯೂ ಹೊಟ್ಟೆಗೇ ಇಳಿಯುತ್ತದೆ ಎಂದುಕೊಳ್ಳಲೇ? ಒಂದು ಕೆಲಸ ಮಾಡು. ಜೊತೆಗಿಟ್ಟ ಚೀಟಿಯಲ್ಲಿರುವ ಪದವನ್ನು ಕಂಪ್ಯೂಟರಿನಲ್ಲಿ ಒತ್ತು. ಈಗ ಯಾವ ಯಾವ ಮಾಡ್ಯೂಲು ಒಳಗಿದೆ ಎಂದು ಪಟ್ಟಿ ಬರುತ್ತದೆ. ಒಂದಕ್ಷರ ಬಿಡದೆ ಬರೆದು ಕಳಿಸು.

ನಿನ್ನ
ಗುಬ್ಬಿ

---

ಮಾರ್ಚ್ ೧೨

ಗುಬ್ಬೀ,

ಪಟ್ಟಿ ಬೇರೆ ಹಾಳೆಯಲ್ಲಿದೆ. ಹನ್ನೊಂದು ಸಾಲು. ಕನ್ನಡಕ ಒರೆಸಿಕೊಂಡು ಎರಡು ಸಲ ತಾಳೆ ನೋಡಿದ್ದೇನೆ.

ಡಾಕ್ಟರ ಹತ್ತಿರ ಹೋಗಿದ್ದೆ. ಅವರು ಕಿವಿಗೆ ಯಂತ್ರ ಇಟ್ಟು, ಒಂದೊಂದೇ ಗುಂಡಿ ಒತ್ತಿ, ನನ್ನ ಮುಖ ನೋಡಿದರು. ಕೊನೆಗೆ ಚೀಟಿಯಲ್ಲಿ ಬರೆದು ತೋರಿಸಿದರು, "ಏನೂ ಉಳಿದಿಲ್ಲ." ಹೊರಗೆ ಬಂದಾಗ ಹೆಚ್ಚುಕಡಿಮೆ ಊಟದ ಹೊತ್ತು. ಬಸ್ ನಿಲ್ದಾಣದಲ್ಲಿ ನಿಂತಿದ್ದೆ. ಅಲ್ಲಿಗೂ ಕೇಳಿಸಿತು. ಎಂಟು ಮೈಲಿ ದೂರ.

ಇನ್ನು ಮುಚ್ಚಿಡುವುದಿಲ್ಲ. ಮೇಸ್ತ್ರಿಯ ಜೊತೆ ನನಗೆ ಜಗಳ ಇಲ್ಲ. ಮೇಸ್ತ್ರಿ ಇಲ್ಲ. ಹೋಗಿ ಎರಡು ವರ್ಷವಾಯಿತು.

ಗಂಟೆಯ ತಂತಿಯನ್ನು ಒಂದೊಂದೇ ಕೋಣೆಗೆ ಅವನೇ ಎಳೆದ. ಒಂದು, ಎರಡು, ಮೂರು, ನಾಲ್ಕು, ಆರು ಆಯಿತು. ಐದನೆಯದು ಹಿಂದಿನ ಓಣಿಯಲ್ಲಿದೆ, ಕೊನೆಗೆ ಎಂದು ಬಿಟ್ಟಿದ್ದ. ಆ ದಿನ ಊಟಕ್ಕೆ ಎಲ್ಲರೂ ಹೊರಗೆ ಹೋಗಿದ್ದರು. "ನಾನು ಒಳಗೆ ಹಗ್ಗ ಕಟ್ಟಿ ಎಳೀತೀನಿ, ನೀನು ಐದನೇ ದೀಪ ನೋಡ್ತಿರು. ಹತ್ತಿದ್ರೆ ಬಂದು ಹೇಳು" ಎಂದು ಹೋದ. ನಾನು ಕೂತೆ. ದೀಪ ಹತ್ತಲಿಲ್ಲ. ಕೆಲಸ ಇನ್ನೂ ಮುಗಿದಿಲ್ಲ ಎಂದುಕೊಂಡೆ. ಊಟ ಮಾಡಿದೆ. ಡಬ್ಬಿ ತೊಳೆದೆ. ಮತ್ತೆ ಬಂದು ದೀಪ ನೋಡುತ್ತ ಕೂತೆ. ಒಂದೂವರೆ ತಾಸು, ಗುಬ್ಬಿ. ಬಾಗಿಲು ಅವನ ಹಿಂದೆ ಬಿದ್ದು ಒಳಗಿನ ಹಿಡಿ ಹೆಪ್ಪುಗಟ್ಟಿತ್ತು. ಅವನು ಬಾಗಿಲು ಬಡಿದಿರಬೇಕು. ಕಿವಿ ಇದ್ದವನಾಗಿದ್ದರೆ ಓಡುತ್ತಿದ್ದ.

ಐದನೇ ಕೋಣೆಯ ಹಗ್ಗ ಅಲ್ಲೇ ಜೋತಾಡುತ್ತಿದೆ. ಅದು ಯಾವ ತಂತಿಗೂ ಕಟ್ಟಿಲ್ಲ. ಆಮೇಲೆ ಆ ಕೆಲಸಕ್ಕೆ ಯಾರೂ ಕೈ ಹಾಕಲಿಲ್ಲ. ಕೋಣೆಯಲ್ಲಿ ಖಾಲಿ ಪೆಟ್ಟಿಗೆ ತುಂಬಿದ್ದಾರೆ. ಆ ಹಗ್ಗದಿಂದ ಗಂಟೆ ಬರಲು ಸಾಧ್ಯವಿಲ್ಲ. ಆದರೂ ದಿನವೂ ಅದೇ ಹೊತ್ತಿಗೆ ಬರುತ್ತದೆ. ದಿನವೂ ಹೋಗಿ ಬಾಗಿಲು ತೆಗೆಯುತ್ತೇನೆ. ಹೊಸ್ತಿಲು ದಾಟುವುದಿಲ್ಲ. ಒಳಗೆ ಯಾರೂ ಇಲ್ಲ. ಉಸಿರಿನ ಹಾಗೆ ಒಂದಷ್ಟು ಬಿಳಿ ಹೊಗೆ ಬಂದು ಮುಖಕ್ಕೆ ಬಡಿಯುತ್ತದೆ, ಅಷ್ಟೇ. ಬಾಗಿಲು ತೆಗೆದರೆ ಗಂಟೆ ನಿಲ್ಲುತ್ತದೆ.

ನೀನು ಜನವರಿ ಹದಿನೆಂಟು ಎಂದು ಬರೆದಿದ್ದೆಯಲ್ಲ, ಮೇಸ್ತ್ರಿ ಹೋದದ್ದೂ ಅದೇ ತಾರೀಕು. ಆ ಪತ್ರವನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ಯಾರಿಗೂ ತೋರಿಸಿಲ್ಲ.

ನನ್ನಿಂದ ಇನ್ನು ಆಗದು. ನಾಳೆಯಿಂದ ಹೋಗುವುದಿಲ್ಲ. ಎರಡೂ ಕಿವಿಗೆ ಹತ್ತಿ ತುರುಕಿಕೊಂಡಿದ್ದೇನೆ. ಉದ್ದಣ್ಣ ನೋಡಿ, "ಕಿವುಡು ಕಿವೀಗೆ ಬೀಗ ಬೇರೆ ಹಾಕಿದ್ರಾ ಯಜಮಾನ್ರೇ?" ಎಂದ. ನಗಲಿ. ಆ ಗಂಟೆಯನ್ನು ನಿಲ್ಲಿಸುವ ಒಂದು ಡಿಸ್ಕು ಕಳಿಸು. ನಿನಗೆ ಕೈಮುಗಿಯುತ್ತೇನೆ.

ಇಂತಿ,
ನಿನ್ನ ಮಾವ

---

ಮಾರ್ಚ್ ೧೭

ಮಾವ,

ಇದನ್ನು ಓದಿದ ತಕ್ಷಣ ಎದ್ದು ಹೋಗಿ ಎಲ್ಲ ಕೋಣೆಯ ಬಾಗಿಲು ತೆಗೆದು ನೋಡು. ಆಮೇಲೆ ಮುಂದೆ ಓದು.

ನೀನು ಕಳಿಸಿದ ಹನ್ನೊಂದು ಸಾಲಿನಲ್ಲಿ ಗಂಟೆಯ ಮಾಡ್ಯೂಲು ಇಲ್ಲ. ಅಂದರೆ ಫೆಬ್ರವರಿಯಿಂದ ನಿಮ್ಮಲ್ಲಿ ಯಾವ ಕೋಣೆಯ ಗಂಟೆಯೂ ಇಲ್ಲ. ಒಂದರಿಂದ ಆರರವರೆಗೆ ಯಾರು ಎಳೆದರೂ ದೀಪ ಹತ್ತುವುದಿಲ್ಲ.

ತಪ್ಪು ನನ್ನದು. ಹೊಂದಾಣಿಕೆ ಎಂದು ಬರೆದಿದ್ದೆನಲ್ಲ, ಅದು ಒಂದು ಖಾಲಿ ಪ್ಯಾಕೇಜು. ಹಳೆಯ ಉಪಕರಣದ ಹೆಸರು ಹೊತ್ತುಕೊಂಡು ಕೂತಿರುತ್ತದೆ, ಒಳಗೆ ಏನೂ ಇಲ್ಲ. "ಹಳೆಯದು ಇದೆಯಾ?" ಎಂದು ನಿಮ್ಮ ಪ್ಯಾಕೇಜು ಕೇಳಿದರೆ "ಇದೆ" ಎನ್ನುತ್ತದೆ. ನಮ್ಮ ಕೆಲಸದಲ್ಲಿ ಎಲ್ಲರೂ ಹೀಗೆ ಮಾಡುತ್ತೇವೆ. ಆದರೆ ಎಲ್ಲರೂ ಆ ಹೆಸರಿನ ಹಿಂದೆ ಹೊಸ ಉಪಕರಣಕ್ಕೆ ಒಂದು ದಾರಿ ಮಾಡಿ ಇಡುತ್ತಾರೆ. ಇವತ್ತೇ ಮುಗಿಸುತ್ತೇನೆ ಎಂದ ಆತುರದಲ್ಲಿ ನಾನು ಅದನ್ನು ಇಡಲಿಲ್ಲ. ಮೇಸ್ತ್ರಿಯ ಪ್ಯಾಕೇಜು ಹಳೆಯದನ್ನು ಅದರ ಹಳೆಯ ಜಾಗದಲ್ಲೇ ಕರೆಯುತ್ತದೆ. ಸಿಗದಿದ್ದರೆ ಬಾಯಿ ಮುಚ್ಚಿಕೊಂಡು ಸುಮ್ಮನಾಗುತ್ತದೆ.

ನಿಮ್ಮ ಕಚೇರಿಯ ಲ್ಯಾಂಡ್‌ಲೈನಿಗೆ ಫೋನು ಮಾಡಿದೆ. ಗುಮಾಸ್ತರು ಎತ್ತಿದರು. ಗಂಟೆ ಸತ್ತಿದೆ, ಯಾರನ್ನೂ ಒಬ್ಬರೇ ಒಳಗೆ ಬಿಡಬೇಡಿ ಎಂದು ಅತ್ತುಕೊಂಡು ಹೇಳಿದೆ. "ಏನಮ್ಮಾ ನೀವು, ಪ್ರತಿ ಸೋಮವಾರ ಆರೂ ಹಗ್ಗ ಎಳೆದು ನೋಡ್ತಾರೆ. ಪುಸ್ತಕ ನನ್ನ ಮುಂದೇ ಇದೆ. ನಿಮ್ಮ ಮಾವನೇ ಸಹಿ ಹಾಕಿದಾರಲ್ಲ!" ಎಂದರು. ನಾಲ್ಕು ಸಲ ಮಾಡಿದೆ. ಐದನೇ ಸಲ ಅವರು ಎತ್ತಲೇ ಇಲ್ಲ.

ಮಾವ, ಐದನೇ ಹಗ್ಗ ಯಾವುದಕ್ಕೂ ಕಟ್ಟಿಲ್ಲ ಎಂದು ನೀನೇ ಬರೆದಿದ್ದೀಯ. ಹಾಗಾದರೆ ಆರೂ ಸರಿ ಎಂದು ಹೇಗೆ ಬರೆದೆ?

ಸರಿಯಾದ ಡಿಸ್ಕು ಇದರ ಜೊತೆಗಿದೆ. ನೀನು ಕೇಳಿಸಿಕೊಳ್ಳುತ್ತಿರುವುದು ಏನು ಎಂದು ನನಗೆ ತಿಳಿಯದು. ನಮ್ಮ ಯಂತ್ರದಿಂದ ಬರುತ್ತಿಲ್ಲ ಎನ್ನುವುದು ಮಾತ್ರ ಗೊತ್ತು. ಅದನ್ನು ನಿಲ್ಲಿಸುವ ಡಿಸ್ಕು ನನ್ನ ಹತ್ತಿರ ಇಲ್ಲ. ಹತ್ತಿ ತೆಗೆ.

ಗುಬ್ಬಿ

---

ಮಾರ್ಚ್ ೨೧

ಗುಬ್ಬೀ,

ನಿನ್ನ ಪತ್ರ ನಿನ್ನೆ ಬಂತು. ಅದಕ್ಕೆ ಮೊದಲೇ ಎಲ್ಲ ಆಗಿಹೋಗಿತ್ತು. ಹೆದರಬೇಡ, ಉದ್ದಣ್ಣ ಬದುಕಿದ್ದಾನೆ.

ಆರು ದಿನ ನಾನು ಬಾಗಿಲು ತೆಗೆಯಲಿಲ್ಲ. ಹತ್ತಿ ಇದ್ದರೂ ಕೇಳಿಸುತ್ತಿತ್ತು. ಹತ್ತಿಯಿಂದ ನಿಲ್ಲುವ ಜಾತಿಯದಲ್ಲ ಅದು. ಹಲ್ಲು ಕಚ್ಚಿ ಕೂತಿದ್ದೆ. ಊಟದ ಹೊತ್ತು ಮುಗಿದರೆ ತಾನಾಗಿ ನಿಲ್ಲುತ್ತಿತ್ತು.

ಹತ್ತೊಂಬತ್ತನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಶುರುವಾಯಿತು. ಎಂದೂ ಆ ಹೊತ್ತಿಗೆ ಬಂದದ್ದಲ್ಲ. ಮೂರು ಸಲ, ಮೂರು ಸಲ ಎಂಬ ಲೆಕ್ಕವೂ ಇಲ್ಲ. ಒಂದೇ ಸಮನೆ ಬಾರಿಸತೊಡಗಿತು. ನನಗೆ ಸಿಟ್ಟು ನೆತ್ತಿಗೇರಿತು. ಇವತ್ತು ಆ ಹಗ್ಗವನ್ನೇ ಕಿತ್ತು ಬಿಸಾಡುತ್ತೇನೆ ಎಂದು ಎದ್ದೆ. ಹಿಂದಿನ ಓಣಿಗೆ ಹೋಗಿ ಐದನೇ ಬಾಗಿಲು ತೆಗೆದೆ. ಯಾವಾಗಲೂ ಬಾಗಿಲು ತೆಗೆದರೆ ನಿಲ್ಲುತ್ತಿತ್ತು. ಈ ಸಲ ನಿಲ್ಲಲಿಲ್ಲ. ಬಾಗಿಲಿಗೆ ಒಂದು ಪೆಟ್ಟಿಗೆ ಅಡ್ಡ ಕೊಟ್ಟು, ಎರಡು ವರ್ಷದಲ್ಲಿ ಮೊದಲ ಸಲ ಹೊಸ್ತಿಲು ದಾಟಿದೆ.

ಹಗ್ಗ ಇರುವುದು ಒಳಗಿನ ಕೊನೆಯ ಗೋಡೆಯ ಹತ್ತಿರ. ಖಾಲಿ ಪೆಟ್ಟಿಗೆಗಳ ನಡುವೆ ನುಸುಳಿಕೊಂಡು ಹೋದೆ. ಹಗ್ಗ ಅಲ್ಲಾಡುತ್ತಿರಲಿಲ್ಲ. ಹಿಮ ಕಟ್ಟಿ ಸಲಾಕೆಯ ಹಾಗೆ ನೆಟ್ಟಗೆ ನಿಂತಿತ್ತು. ಕೀಳಲು ಒಂದು ಕೈಯಲ್ಲಿ ಅದನ್ನು ಹಿಡಿದೆ. ಜೋರು ಬೇಕಲ್ಲ, ಇನ್ನೊಂದು ಕೈಯನ್ನು ಗೋಡೆಗೆ ಊರಿದೆ.

ಗೋಡೆ ಬಡಿದುಕೊಳ್ಳುತ್ತಿತ್ತು.

ಒಂದು ಪೆಟ್ಟು. ಒಂದು ಪೆಟ್ಟು. ಬಲ ಇಲ್ಲದ ಪೆಟ್ಟು, ಆದರೂ ಅಂಗೈಗೆ ಸರಿಯಾಗಿ ಸಿಗುತ್ತಿತ್ತು. ಆ ಗೋಡೆಯ ಆಚೆ ನಾಲ್ಕನೇ ಕೋಣೆ. ಎರಡಕ್ಕೂ ಬೆನ್ನು ಒಂದೇ, ಬಾಗಿಲು ಮಾತ್ರ ಬೇರೆ ಬೇರೆ ಓಣಿಯಲ್ಲಿ. ನಾನು ಹೇಗೆ ಸುತ್ತಿ ಓಡಿದೆನೋ ನನಗೆ ಗೊತ್ತಿಲ್ಲ.

ಬಿದ್ದ ಒಂದು ಪೆಟ್ಟಿಗೆ ಎತ್ತಿಡಲು ಉದ್ದಣ್ಣ ಕೋಟು ಕೂಡ ಹಾಕದೆ ಒಳಗೆ ಹೋಗಿದ್ದ. "ಎರಡೇ ನಿಮಿಷ ತಾನೆ" ಎಂದು. ಬಾಗಿಲು ಬಿತ್ತು. ಅವನು ಹೆದರಲೂ ಇಲ್ಲವಂತೆ. ಆಮೇಲೆ ಹೇಳಿದ, "ಹಗ್ಗ ಎಳೆದು ಪೆಟ್ಟಿಗೆ ಮೇಲೆ ನೆಮ್ಮದಿಯಾಗಿ ಕೂತ್ಕೊಂಡೆ ಯಜಮಾನ್ರೇ. ನೀವು ದೀಪ ನೋಡ್ತಿರ್ತೀರಲ್ಲ, ಬರ್ತೀರ ಅಂತ." ಕಾಲು ತಾಸು ಹಾಗೇ ಕೂತಿದ್ದನಂತೆ. ಆಮೇಲೆ ಬಾಗಿಲು ಬಡಿದ. ಆಮೇಲೆ ಬಾಗಿಲು ಯಾವ ಕಡೆ ಎಂದೇ ತಿಳಿಯದೆ ಸಿಕ್ಕ ಗೋಡೆ ಬಡಿದ. ನಾನು ಎತ್ತಿದಾಗ ಅವನ ಹುಬ್ಬು ಬಿಳಿಯಾಗಿತ್ತು. ಎಡಗೈಯ ಎರಡು ಬೆರಳ ತುದಿ ಹೋಯಿತು. ಆರೂವರೆ ಅಡಿಯಲ್ಲಿ ಎರಡು ಬೆರಳ ತುದಿ, ಹೋಗಲಿ ಬಿಡಿ ಎಂದು ನನಗೇ ಸಮಾಧಾನ ಹೇಳುತ್ತಾನೆ.

ಆರೂ ಸರಿ ಎಂದು ಹೇಗೆ ಬರೆದೆ ಎಂದು ನೀನು ಕೇಳಿದ್ದೀಯ. ಕೇಳಲೇಬೇಕಾದದ್ದು. ಎರಡು ವರ್ಷದಿಂದ ನಾನು ಯಾವ ಹಗ್ಗವನ್ನೂ ಎಳೆದು ನೋಡಿಲ್ಲ. ಆ ಕೋಣೆಗಳ ಒಳಗೆ ನನ್ನ ಕಾಲು ಹೋಗುತ್ತಿರಲಿಲ್ಲ. ಸೋಮವಾರ ಬಂದರೆ ಪುಸ್ತಕ ತೆಗೆದು ಸಹಿ ಹಾಕುತ್ತಿದ್ದೆ, ಅಷ್ಟೇ. ನಿನ್ನದು ಖಾಲಿ ಪ್ಯಾಕೇಜು, ನನ್ನದು ಖಾಲಿ ಸಹಿ. ಉದ್ದಣ್ಣ ಎರಡನ್ನೂ ನೆಚ್ಚಿಕೊಂಡು ಪೆಟ್ಟಿಗೆಯ ಮೇಲೆ ಕೂತಿದ್ದ.

ಗುಮಾಸ್ತರಿಗೆ ಎಲ್ಲ ಹೇಳಿದೆ. ಅವರು ಪುಸ್ತಕ ತಿರುವಿ ಹಾಕಿ ನನ್ನ ಸಹಿಗಳನ್ನೇ ನೋಡುತ್ತ ಕೂತರು.

ಇಂತಿ,
ಮಾವ

---

ಮಾರ್ಚ್ ೨೯

ಪ್ರೀತಿಯ ಮಾವನಿಗೆ,

ನಿನ್ನ ಪತ್ರವನ್ನು ಮೆಟ್ಟಿಲ ಮೇಲೆ ಕೂತು ಓದಿದೆ. ಒಳಗೆ ಹೋಗುವ ಮೊದಲು ಮುಖ ತೊಳೆದುಕೊಳ್ಳಬೇಕಾಯಿತು.

ನಾನೂ ಹೇಳಿದೆ. ನಮ್ಮಲ್ಲಿ ಎಲ್ಲ ಪ್ಯಾಕೇಜಿನವರೂ ಓದುವ ಒಂದು ಜಾಗವಿದೆ. ಅಲ್ಲಿ ನಾನು ಮಾಡಿದ್ದನ್ನು ಇದ್ದದ್ದು ಇದ್ದ ಹಾಗೆ ಬರೆದೆ. ಹಿರಿಯರು ಕರೆದು, "ನಿನ್ನ ಹೆಸರೇ ಹಾಕಿ ಬರೀಬೇಕಿತ್ತಾ?" ಎಂದರು. "ಹೌದು ಸರ್" ಎಂದೆ. ಉಪಕರಣ ನನ್ನ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ತಿಳಿಯದು. ಬರೆದ ಮೇಲೆ ಇನ್ನೂ ಮೂರು ಜನ ತಮ್ಮಲ್ಲೂ ಅಂಥ ಖಾಲಿ ಪ್ಯಾಕೇಜು ಇದೆ ಎಂದು ಹೇಳಿಕೊಂಡರು. ಅವರಲ್ಲಿ ಒಬ್ಬರದು ಆಸ್ಪತ್ರೆಯ ಲಿಫ್ಟಿನದು.

ಮೇಸ್ತ್ರಿಯ ಈಮೇಲ್ ವಿಳಾಸಕ್ಕೆ ಮತ್ತೆ ಬರೆದೆ. ಯಾರ ಕೈಯಲ್ಲಿದ್ದರೂ ಸರಿ, ತಪ್ಪಾಯಿತು ಎಂದು ಹೇಳಬೇಕು ಅನ್ನಿಸಿತು. ಪತ್ರ ಹಿಂದೆ ಬಂತು. ಆ ವಿಳಾಸ ಮುಚ್ಚಿ ಎರಡು ವರ್ಷವಾಗಿದೆಯಂತೆ. ಜನವರಿಯ ಉತ್ತರವನ್ನು ಹಿರಿಯರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಇದು ಯಾವ ದಾರಿಯಲ್ಲಿ ಬಂತು ಅಂತ ಬರೆದಿರಬೇಕಲ್ಲ, ಆ ಜಾಗ ಖಾಲಿ ಇದೆ" ಎಂದರು. ಆಮೇಲೆ ಚಹಾ ಕುಡಿಯಲು ಹೋದರು. ಯಾವಾಗಲೂ ಒಬ್ಬರೇ ಹೋಗುವವರು ಅವತ್ತು ನನ್ನನ್ನೂ ಕರೆದರು.

ಮಾವ, ಹೋದ ಸಲ ಕಳಿಸಿದ ಡಿಸ್ಕಿನ ಒಳಗೆ ಹಳೆಯ ಉಪಕರಣವೇ ಇದೆ. ಮೇಸ್ತ್ರಿಯ ಮಾತಿನಂತೆ ತೆಗೆದಿಲ್ಲ. ಒಂದೊಂದು ಹಗ್ಗವನ್ನೂ ನೀನೇ ಎಳೆದು ನೋಡು. ಐದನೆಯದನ್ನು ಕಟ್ಟಿಬಿಡು. ಒಬ್ಬನೇ ಹೋಗಬೇಡ.

ನಿನ್ನ
ಗುಬ್ಬಿ

---

ಏಪ್ರಿಲ್ ೯

ಗುಬ್ಬೀ,

ಡಿಸ್ಕು ಹಾಕಿ ಇಪ್ಪತ್ತು ದಿನವಾಯಿತು. ನಮ್ಮ ಸಾಹೇಬರು ನನ್ನನ್ನು ಮನೆಗೆ ಕಳಿಸುತ್ತಾರೆ ಎಂದುಕೊಂಡಿದ್ದೆ. ಕಳಿಸಲಿಲ್ಲ. ಸಹಿಯ ಪುಸ್ತಕ ಮಾತ್ರ ನನ್ನ ಕೈಯಿಂದ ತೆಗೆದು ಉದ್ದಣ್ಣನಿಗೆ ಕೊಟ್ಟರು. ಸರಿಯಾದದ್ದೇ. ಸೋಮವಾರ ನಾನು ಕೋಣೆಯೊಳಗೆ ಹೋಗಿ ಹಗ್ಗ ಎಳೆಯುತ್ತೇನೆ. ಅವನು ಕೈಗೆ ಬ್ಯಾಂಡೇಜು ಸುತ್ತಿಕೊಂಡು ಬೋರ್ಡಿನ ಮುಂದೆ ಕೂತು ದೀಪ ನೋಡುತ್ತಾನೆ. ಹೊರಗೆ ಬಂದರೆ ಪರೀಕ್ಷೆ ಮಾಡುವ ಮೇಷ್ಟರ ಹಾಗೆ ಹುಬ್ಬು ಗಂಟಿಕ್ಕಿ, "ಇನ್ನೊಂದ್ಸಲ" ಎನ್ನುತ್ತಾನೆ.

ಐದನೆಯದನ್ನು ಇವತ್ತು ಬೆಳಿಗ್ಗೆ ಕಟ್ಟಿದೆ. ಪೆಟ್ಟಿಗೆಗಳನ್ನೆಲ್ಲ ಹೊರಗೆ ಹಾಕಿಸಿದೆವು. ಮೇಸ್ತ್ರಿ ಎಳೆದಿದ್ದ ತಂತಿ ಗೋಡೆಯವರೆಗೆ ಬಂದು ನಿಂತಿತ್ತು. ಹಗ್ಗಕ್ಕೂ ಅದಕ್ಕೂ ನಡುವೆ ಒಂದು ಗೇಣು ಜಾಗ, ಅಷ್ಟೇ ಬಾಕಿ ಇದ್ದದ್ದು. ನಾನು ಕೆಲಸ ಮಾಡುವಷ್ಟು ಹೊತ್ತೂ ಉದ್ದಣ್ಣ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದ. ಒಂದು ಕಾಲು ಒಳಗೆ, ಒಂದು ಹೊರಗೆ. "ಚಳಿ ಆಗುತ್ತೆ, ಹೋಗೋ" ಎಂದರೆ ಕೇಳಲಿಲ್ಲ. ಕಟ್ಟಿ ಮುಗಿಸಿ ಎಳೆದೆ. ದೀಪ ಹತ್ತಿತು ಎಂದು ಗುಮಾಸ್ತರು ಓಣಿಯ ತುದಿಯಿಂದ ಎರಡೂ ಕೈ ಎತ್ತಿ ತೋರಿಸಿದರು.

ಹತ್ತೊಂಬತ್ತನೇ ತಾರೀಕಿನಿಂದ ನನಗೆ ಏನೂ ಕೇಳಿಸಿಲ್ಲ. ಊಟದ ಹೊತ್ತಿಗೆ ಬೋರ್ಡಿನ ಮುಂದೆ ಕೂತು ಕಿವಿಗೊಟ್ಟು ನೋಡಿದೆ. ಕಿವಿ ಮತ್ತೆ ಕಲ್ಲು. ಸಂತೋಷ ಪಡಬೇಕಾದದ್ದು. ಯಾಕೋ ಮನೆಯಲ್ಲಿ ಒಬ್ಬರು ಮಾತು ಬಿಟ್ಟ ಹಾಗಿದೆ.

ಈಗಲೂ ಅಲ್ಲೇ ಕೂತು ಬರೆಯುತ್ತಿದ್ದೇನೆ. ಊಟ ಆಯಿತು. ಉದ್ದಣ್ಣ ಎದುರಿಗೆ ಡಬ್ಬಿ ಮುಚ್ಚುತ್ತಿದ್ದಾನೆ, ಎಂಟು ಬೆರಳಿನಲ್ಲಿ ಅವನಿಗೆ ಇನ್ನೂ

ತಡಿ. ಅವನು ತಲೆ ಎತ್ತಿದ. ಗೋಡೆಯ ಮೇಲಿನ ಗಂಟೆಯನ್ನು ನೋಡುತ್ತಿದ್ದಾನೆ. ನನಗೆ ಏನೂ ಕೇಳಿಸುತ್ತಿಲ್ಲ, ಗುಬ್ಬಿ. ಬೋರ್ಡಿನಲ್ಲಿ ಐದನೇ ದೀಪ ಹತ್ತಿದೆ. ಮೂರು ಸಲ ಮಿನುಗಿತು, ನಿಂತಿತು, ಮತ್ತೆ ಮೂರು ಸಲ. ಗೋದಾಮಿನ ಜನ ಏಳೂ ಮಂದಿ ಇಲ್ಲೇ ಇದ್ದೇವೆ. ಎರಡು ಸಲ ಎಣಿಸಿದೆ.

ಉದ್ದಣ್ಣನ ಮುಖ ಸುಣ್ಣದ ಹಾಗಾಗಿದೆ. ಅವನು ನನ್ನ ಕಡೆ ತಿರುಗಿ, ನಾನು ಓದಲಿ ಎಂದು ತುಟಿ ಬಿಡಿಸಿ ಬಿಡಿಸಿ ಕೇಳುತ್ತಿದ್ದಾನೆ, "ಇಷ್ಟು ದಿನ ನಿಮಗೆ ಕೇಳಿಸ್ತಿದ್ದದ್ದು ಇದೇನಾ?" ಹೌದು ಎಂದು ತಲೆ ಆಡಿಸಿದೆ. ಅವನು ಈಗ ಎದ್ದು ಇಬ್ಬರ ಕೋಟನ್ನೂ ಮೊಳೆಯಿಂದ ತೆಗೆಯುತ್ತಿದ್ದಾನೆ.

"ಏಳಿ ಯಜಮಾನ್ರೇ, ಹೋಗಿ ಬಾಗಿಲು ತೆಗೆಯೋಣ. ಚಳೀಲಿ ಕಾಯ್ತಿರ್ತಾರೆ."

ಹೋಗುತ್ತಿದ್ದೇವೆ.